ಹೆಬ್ಬೆರಳಿನ ಊರು

ಕ್ಯೋಟೋ ನಗರಕ್ಕೆ ಹೋದವರು ಮೊದಲು ಚಿನ್ನದ ಮಂಟಪವನ್ನು ನೋಡುತ್ತಾರೆ. ಅನಂತರ ಫುಷಿಮಿಯ ಬೆಟ್ಟದ ಕೆಂಪು ತೋರಣಗಳ ಸಾಲಿನಡಿ ಏರಿ ಇಳಿದು ಕಾಲು ನೋಯಿಸಿಕೊಳ್ಳುತ್ತಾರೆ. ಸಂಜೆ ಗಿಯೋನಿನ ಓಣಿಗಳಲ್ಲಿ ಸುತ್ತಾಡಿ, ಮರದ ಜಾಲರಿಯ ಮನೆಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. 2025ರ ಏಪ್ರಿಲಿನಲ್ಲಿ ಅಲ್ಲಿದ್ದ ನಾವೂ ಇವೊಂದನ್ನೂ ಬಿಡಲಿಲ್ಲ. ಆದರೆ ದೇಗುಲಗಳ ವರ್ಣನೆ ಓದುಗರಿಗೆ ಹೊಸದೇನಲ್ಲವಷ್ಟೆ. ನಾನು ಹೇಳಹೊರಟಿರುವುದು ಬೇರೊಂದು ಕಟ್ಟಡದ ಮಾತು. ಅದಕ್ಕೆ ಗೋಪುರವಿಲ್ಲ, ಉದ್ಯಾನವಿಲ್ಲ. ನೋಡಲು ಬರುವವರ ನೂಕುನುಗ್ಗಲೂ ಇಲ್ಲ.

ಕ್ಯೋಟೋದ ರೈಲು ನಿಲ್ದಾಣದಿಂದ ಈಶಾನ್ಯಕ್ಕೆ ಕಾಲು ಗಂಟೆಯ ನಡಿಗೆ. ತಕಾಸೆ ಎಂಬ ಪುಟ್ಟ ಕಾಲುವೆ ಒಂದು ಮಗ್ಗುಲಿಗೆ, ಕಾಮೋ ನದಿ ಇನ್ನೊಂದು ಮಗ್ಗುಲಿಗೆ; ಇವೆರಡರ ನಡುವೆ ಸದ್ದಿಲ್ಲದ ಒಂದು ಬೀದಿ. ಆ ಬೀದಿಯಲ್ಲಿ 1930ರಲ್ಲಿ ಕಟ್ಟಿದ ಗಾರೆಯ ಮನೆಯೊಂದುಂಟು. ಬಾಗಿಲ ಬಳಿ ಹಸಿರು ಬಣ್ಣದ ಹಳೆಯ ಫಲಕಗಳು. ಇಸ್ಪೀಟೆಲೆ ತಯಾರಕರಾದ ಯಮಾಉಚಿ ನಿಂಟೆಂಡೊ ಎಂಬ ಒಕ್ಕಣೆ. ಈಗ ಒಳಗೆ ಎಲೆ ತಯಾರಿಸುವವರಿಲ್ಲ. 2022ರಿಂದ ಅದೊಂದು ವಸತಿಗೃಹ. ಹೆಸರಾಂತ ಶಿಲ್ಪಿ ತಡಾವೊ ಆಂಡೊ ಅವರ ಮೇಲ್ವಿಚಾರಣೆಯಲ್ಲಿ ನವೀಕರಿಸಿದ್ದು. ಒಂದು ರಾತ್ರಿಯ ಬಾಡಿಗೆಯನ್ನು ವಿಚಾರಿಸಿಕೊಂಡು ಬಂದ ನನ್ನ ಭಾವಮೈದ, "ಹೊರಗಿನಿಂದ ನೋಡಿದರೇ ಚೆನ್ನಾಗಿ ಕಾಣುತ್ತದೆ" ಎಂದುಬಿಟ್ಟ. ಅವನು ಒಸಾಕಾ ನಗರದಲ್ಲಿ ಉದ್ಯೋಗದಲ್ಲಿರುವವನು. ನಾನು ರಜೆಯಲ್ಲಿ ಅವನ ಅತಿಥಿ. ಆದಕಾರಣ ಹೊರಗಿನಿಂದಲೇ ನೋಡಿದೆವು.

ನಿಂಟೆಂಡೊ ಎಂದೊಡನೆ ಇಂದಿನ ಹುಡುಗರಿಗೆ ನೆನಪಾಗುವುದು ದೂರದರ್ಶನದ ಪೆಟ್ಟಿಗೆಗೆ ಜೋಡಿಸಿ ಆಡುವ ವಿಡಿಯೋ ಆಟದ ಯಂತ್ರ, ಮೀಸೆಯ ಮಾರಿಯೋ, ಕೈಯಲ್ಲಿ ಹಿಡಿಯುವ ಕಂಟ್ರೋಲರ್. ಆದರೆ ಯಮಾಉಚಿ ಫುಸಾಜಿರೊ ಎಂಬಾತ 1889ರಲ್ಲಿ ಈ ಅಂಗಡಿಯನ್ನು ತೆರೆದದ್ದು ಹನಾಫುದಾ ಎಂಬ ಹೂವಿನ ಎಲೆಗಳನ್ನು ಮಾರಲು. ಈ ಕಟ್ಟು 48 ಎಲೆಗಳದು; ವರ್ಷದ 12 ತಿಂಗಳಿಗೆ ತಲಾ ನಾಲ್ಕು. ಜನವರಿಗೆ ದೇವದಾರು ಜಾತಿಯ ಮರ, ಮಾರ್ಚಿಗೆ ಚೆರ್ರಿ ಹೂ, ಆಗಸ್ಟಿಗೆ ಜೊಂಡಿನ ಗುಡ್ಡದ ಮೇಲಿನ ಹುಣ್ಣಿಮೆಯ ಚಂದ್ರ. ಅಂಕಿಯೇ ಇಲ್ಲದ ಇಸ್ಪೀಟು! ಜೂಜಿಗೆ ಸರಕಾರದ ನಿಷೇಧವಿದ್ದ ಕಾಲಗಳಲ್ಲಿ ಅಂಕಿಯ ಎಲೆಗಳ ಜಾಗಕ್ಕೆ ಹೂವು ಬಂದು ಕುಳಿತುಕೊಂಡಿತು. ಜಪಾನೀಯರು ಎಲೆಯಾಟಕ್ಕೆ ಹೇಳುವ 'ಕರುತಾ' ಎಂಬ ಮಾತು ಪೋರ್ಚುಗೀಸರು ಬಿಟ್ಟುಹೋದದ್ದು. ನಮ್ಮ ಇಸ್ಪೀಟೂ ಕಡಲು ದಾಟಿ ಬಂದ ಮಾತೇ ತಾನೆ? ಅದಕ್ಕೂ ಮೊದಲು ಪರ್ಷಿಯಾದ ಕಡೆಯಿಂದ ಬಂದ ಗಂಜೀಫಾ ಮೈಸೂರಿನಲ್ಲಿ ದುಂಡನೆಯ ಎಲೆಯಾಗಿ, ದೇವರ ಚಿತ್ರಗಳನ್ನು ಹೊತ್ತು, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಮೆರೆಯಿತು. ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆ ಆಟಗಳ ವಿವರವಿದೆ. ಅರಸರ ಗಂಜೀಫಾ ಕಲಾವಿದರ ಕುಂಚದಲ್ಲಿ ಉಳಿಯಿತು. ವ್ಯಾಪಾರಿಯ ಹನಾಫುದಾ ಕಾರ್ಖಾನೆ ಸೇರಿತು. ಯಾವುದು ಮೇಲೆಂದು ನಾನು ಹೇಳಲಾರೆ. ಆದರೆ ಹನಾಫುದಾ ಎಲೆಯೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ: ಅದು ನಮ್ಮ ಇಸ್ಪೀಟೆಲೆಗಿಂತ ಎಷ್ಟೋ ಚಿಕ್ಕದು, ಆದರೆ ದಪ್ಪ, ಬಿರುಸು. ಚಾಪೆಯ ಮೇಲೆ ಕುಳಿತು ಚಟ್ಟೆಂದು ಸದ್ದಾಗುವಂತೆ ಬಡಿಯುವುದಕ್ಕೆಂದೇ ಮಾಡಿದ್ದು. ಆಡುವವನ ಅಂಗೈ, ಅವನು ಕುಳಿತ ಕೋಣೆ, ಇವೆರಡನ್ನೂ ತಯಾರಕ ಮೊದಲೇ ಮನಸ್ಸಿಗೆ ತಂದುಕೊಂಡಿದ್ದಾನೆ. ಮುಂದೆ ಈ ಊರಿನಲ್ಲಿ ಹುಟ್ಟಿದ ಯಂತ್ರಗಳನ್ನು ನೋಡುವಾಗಲೂ ಈ ಎಲೆ ನನ್ನ ಕಣ್ಣ ಮುಂದಿತ್ತು.

ಅಂದು ರಾತ್ರಿ ಒಸಾಕಾದ ಮನೆಯಲ್ಲಿ ಒಂದು ಚಿಕ್ಕ ತಮಾಷೆ ನಡೆಯಿತು. ಭಾವಮೈದನ ಮಗ ಒಂಬತ್ತು ವರ್ಷದವನು. ಅವನಲ್ಲಿರುವುದು ಕ್ಯೋಟೋದ ಯಂತ್ರವಲ್ಲ, ಸೋನಿಯವರ ಪ್ಲೇಸ್ಟೇಷನ್ನಿನ ಐದನೆಯ ಅವತಾರ. ಅದರ ಹಿಡಿಕೆಯ ನಾಲ್ಕು ಗುಂಡಿಗಳ ಮೇಲೆ ಅಕ್ಷರಗಳಿಲ್ಲ. ತ್ರಿಕೋನ, ಚೌಕ, ವೃತ್ತ, ಕತ್ತರಿ ಗುರುತು. 1994ರ ಮೊದಲ ಪ್ಲೇಸ್ಟೇಷನ್ನಿಗೆ ಈ ಗುರುತುಗಳನ್ನು ಆರಿಸಿದವರು ತೇಯು ಗೋತೊ ಎಂಬ ವಿನ್ಯಾಸಕಾರರು. ಚೌಕವೆಂದರೆ ಒಂದು ಹಾಳೆ ಕಾಗದ, ತ್ರಿಕೋನವೆಂದರೆ ನೋಟದ ದಿಕ್ಕು, ವೃತ್ತವೆಂದರೆ ಹೌದು, ಕತ್ತರಿಯೆಂದರೆ ಅಲ್ಲ. ಜಪಾನಿನಲ್ಲಿ ಮೇಷ್ಟರು ಸರಿಯುತ್ತರಕ್ಕೆ ಹಾಕುವುದು ವೃತ್ತ, ತಪ್ಪಿಗೆ ಹಾಕುವುದು ಕತ್ತರಿ. ಆದ್ದರಿಂದ ಅಲ್ಲಿನ ಮಕ್ಕಳಿಗೆ ವಿವರಿಸಬೇಕಾದ್ದೇನೂ ಇರಲಿಲ್ಲ. ಆದರೆ ಪಶ್ಚಿಮದ ದೇಶಗಳಲ್ಲಿ ಹೌದೆನ್ನಲು ಕತ್ತರಿಯನ್ನೇ ಒತ್ತುವ ರೂಢಿ ಬೆಳೆಯಿತು. ಕಾಲು ಶತಮಾನ ಒಂದೇ ಯಂತ್ರ ಎರಡು ಖಂಡಗಳಲ್ಲಿ ಎರಡು ರೀತಿಯಲ್ಲಿ ತಲೆಯಾಡಿಸಿತು. ಕಡೆಗೆ 2020ರಲ್ಲಿ ಐದನೆಯ ಯಂತ್ರ ಬಂದಾಗ ಕಂಪನಿ ಜಪಾನಿನಲ್ಲೂ ಕತ್ತರಿಯನ್ನೇ 'ಹೌದು' ಮಾಡಿತು. ಪರೀಕ್ಷೆಯ ಉತ್ತರಪತ್ರಿಕೆಗಳ ಮೇಲೆ ವರ್ಷಗಟ್ಟಲೆ ಕತ್ತರಿ ಗುರುತು ಎಳೆದ ನನ್ನಂಥ ಅಧ್ಯಾಪಕನಿಗೆ ಅದನ್ನೊತ್ತಿ 'ಆಗಲಿ' ಎನ್ನುವುದು ಕೊನೆಯವರೆಗೂ ಒಗ್ಗಲಿಲ್ಲ. ಹುಡುಗ ಮಾತ್ರ ಶಾಲೆಯಲ್ಲಿ ಒಂದು ಕತ್ತರಿ, ಮನೆಯಲ್ಲಿ ಇನ್ನೊಂದು ಕತ್ತರಿ ಎಂದು ಎರಡನ್ನೂ ನಿಶ್ಚಿಂತೆಯಾಗಿ ಅರಗಿಸಿಕೊಂಡಿದ್ದಾನೆ.

ಮಾರನೆಯ ದಿನ ನಮ್ಮ ಪಯಣ ಊಜಿಗೆ. ಕ್ಯೋಟೋದ ದಕ್ಷಿಣಕ್ಕಿರುವ ಈ ಊರು ಚಹಾದ ತೋಟಗಳಿಗೆ ಹೆಸರಾದದ್ದು. 'ಗೆಂಜಿಯ ಕಥೆ'ಯನ್ನು ಬರೆದ ಮುರಸಾಕಿ ಶಿಕಿಬು ತನ್ನ ಮಹಾಕೃತಿಯ ಕೊನೆಯ ಅಧ್ಯಾಯಗಳನ್ನು ನಡೆಸಿದ್ದು ಇದೇ ಊರಿನ ಹೊಳೆಯ ದಂಡೆಯಲ್ಲಿ. ಕಿಂತೆತ್ಸು ರೈಲಿನಲ್ಲಿ ಒಗುರ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ಐದು ನಿಮಿಷ ನಡೆದರೆ ನಿಂಟೆಂಡೊ ಮ್ಯೂಸಿಯಂ. 1969ರಲ್ಲಿ ಇಲ್ಲಿ ಕಟ್ಟಿದ ಕಾರ್ಖಾನೆಯಲ್ಲಿ ಎಲೆಗಳು ತಯಾರಾಗುತ್ತಿದ್ದವು. ಮುಂದೆ ಕೆಟ್ಟ ಯಂತ್ರಗಳ ರಿಪೇರಿಯೂ ನಡೆಯುತ್ತಿತ್ತು. 2024ರ ಅಕ್ಟೋಬರ್ 2ರಂದು ಅದೇ ಕಟ್ಟಡ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ನಾವು ಹೋದಾಗಿನ ದರ ದೊಡ್ಡವರಿಗೆ 3,300 ಯೆನ್. ಆದರೆ ಹಣ ಹಿಡಿದು ಬಾಗಿಲಿಗೆ ಹೋದರೆ ಪ್ರವೇಶವಿಲ್ಲ. ತಿಂಗಳುಗಳ ಮೊದಲೇ ಅರ್ಜಿ ಹಾಕಿ, ಚೀಟಿ ಎತ್ತಿದಾಗ ಹೆಸರು ಬರಬೇಕು. ಜೂಜಿನ ಎಲೆ ಮಾರಿ ಬೆಳೆದ ಮನೆತನಕ್ಕೆ ಒಪ್ಪುವ ಪದ್ಧತಿಯೇ!

ಮೇಲಿನ ಅಂತಸ್ತಿನಲ್ಲಿ ಹಳೆಯ ಸಾಮಗ್ರಿಗಳು ಗಾಜಿನ ಹಿಂದೆ ಸಾಲಾಗಿ ನಿಂತಿವೆ. ಚಿತ್ರ ತೆಗೆಯಕೂಡದು. ಇದು ಒಳ್ಳೆಯದೇ ಆಯಿತು. ಎಷ್ಟೋ ದಿನಗಳ ಮೇಲೆ ಜನ ಕಣ್ಣಿನಿಂದಲೇ ನೋಡುತ್ತಿದ್ದರು.

ಮೊದಲು ಸೆಳೆದದ್ದು ಒಂದು ಇಕ್ಕಳ. ಕತ್ತರಿಯಂತೆ ಮಡಿಕೆಮಡಿಕೆಯಾಗಿ ಬಿಚ್ಚಿ, ದೂರದ ಚೆಂಡನ್ನು ಹಿಡಿದೆತ್ತುವ ಆಟಿಕೆ. ಇದನ್ನು ಮಾಡಿದಾತ ಗುಂಪೇ ಯೊಕೊಯಿ. ಕ್ಯೋಟೋದಲ್ಲೇ 1941ರಲ್ಲಿ ಹುಟ್ಟಿ, ಅಲ್ಲಿಯ ದೋಶಿಶಾ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಶಾಸ್ತ್ರವನ್ನೋದಿ, 1965ರಲ್ಲಿ ಎಲೆ ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದವನು. ಕೆಲಸ ಕಡಿಮೆ, ಬಿಡುವು ಹೆಚ್ಚು. ಹೊತ್ತು ಕಳೆಯಲು ಮಾಡಿಕೊಂಡ ಈ ಇಕ್ಕಳವನ್ನು ಕಂಪನಿಯ ಅಧ್ಯಕ್ಷ ಹಿರೋಷಿ ಯಮಾಉಚಿ ಕಂಡರು. ಬೇರೆ ಧಣಿಯಾಗಿದ್ದರೆ ಬೈದು ಕಳುಹಿಸುತ್ತಿದ್ದನೇನೋ. ಈತ ಅದನ್ನೇ ಸರಕಾಗಿ ಮಾಡು ಎಂದರು. 1966ರಲ್ಲಿ ಮಾರುಕಟ್ಟೆಗೆ ಬಂದ ಆ 'ಅಲ್ಟ್ರಾ ಹ್ಯಾಂಡ್' ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು.

ಯೊಕೊಯಿಯ ಇನ್ನೊಂದು ಕಥೆ ರೈಲಿನದು. ಶಿಂಕಾನ್ಸೆನ್ ರೈಲಿನಲ್ಲಿ ಬೇಸರಗೊಂಡ ಗುಮಾಸ್ತನೊಬ್ಬ ಲೆಕ್ಕದ ಯಂತ್ರದ ಗುಂಡಿಗಳನ್ನು ಸುಮ್ಮಸುಮ್ಮನೆ ಒತ್ತುತ್ತ ಕುಳಿತದ್ದನ್ನು ಈತ ಕಂಡನಂತೆ. ದೊಡ್ಡವನು ಹತ್ತು ಜನರೆದುರು ಆಟವಾಡಲು ನಾಚುತ್ತಾನೆ. ಆಟಿಕೆ ಅಂಗೈಯಲ್ಲಿ ಅಡಗುವಂತಿದ್ದರೆ ನಾಚಿಕೆಗೆಡೆಯಿಲ್ಲ. ಅಂಥ ವಸ್ತು 1980ರಲ್ಲಿ 'ಗೇಮ್ ಆ್ಯಂಡ್ ವಾಚ್' ಎಂಬ ಹೆಸರಿನಲ್ಲಿ ಬಂತು. ಲೆಕ್ಕದ ಯಂತ್ರಗಳಿಗೆಂದು ಹೇರಳವಾಗಿ, ಅಗ್ಗವಾಗಿ ತಯಾರಾಗುತ್ತಿದ್ದ ದ್ರವಸ್ಫಟಿಕದ ಪರದೆಯೇ ಅದಕ್ಕೂ ಆಧಾರ.

ಇದೇ ಸಾಲಿನ 1982ರ 'ಡಾಂಕಿ ಕಾಂಗ್' ಪುಸ್ತಕದಂತೆ ಮಡಿಸುವ ಕಿತ್ತಳೆ ಬಣ್ಣದ ಡಬ್ಬಿ. ಇದರ ಮುಂದೆ ನಾನು ಬಹಳ ಹೊತ್ತು ನಿಂತೆ. ಕೆಳಗಿನ ಪರದೆಯ ಎಡಕ್ಕೆ ಒಂದು ಕಪ್ಪು ಪ್ಲಸ್ ಗುರುತು. ಇಂದು ಲೋಕದ ಎಲ್ಲ ಮೂಲೆಗಳ ಮಕ್ಕಳೂ ಬಲ್ಲ ಗುಂಡಿ ಅದು. ಅದರ ಹುಟ್ಟು ಇಲ್ಲಿ. ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳಲ್ಲಿ ನಾಯಕನನ್ನು ನಡೆಸಲು ಒಂದು ಕಡ್ಡಿ ಇರುತ್ತಿತ್ತು. ಮಡಿಸುವ ಡಬ್ಬಿಯಲ್ಲಿ ಕಡ್ಡಿ ನಿಲ್ಲಿಸಿದರೆ ಮುಚ್ಚಳ ಹಾಕುವುದೆಂತು? ನಾಲ್ಕು ದಿಕ್ಕಿಗೆ ನಾಲ್ಕು ಬಿಡಿ ಗುಂಡಿ ಇಟ್ಟರೆ ಯಾವುದು ಎಲ್ಲಿದೆಯೆಂದು ಬೆರಳಿಗೆ ತಿಳಿಯುವುದಿಲ್ಲ. ಪದೇ ಪದೇ ಕೆಳಗೆ ನೋಡಬೇಕು, ನೋಡಿದ ಕ್ಷಣದಲ್ಲಿ ಆಟ ಮುಗಿದುಹೋಗುತ್ತದೆ. ಯೊಕೊಯಿ ನಾಲ್ಕನ್ನೂ ಬೆಸೆದು ಒಂದೇ ತುಂಡು ಮಾಡಿದ. ನಡುವೆ ಒಂದು ಆನಿಕೆ. ಒಂದು ತೋಳನ್ನು ಅದುಮಿದರೆ ಎದುರಿನ ತೋಳು ತಾನಾಗಿ ಏಳುತ್ತದೆ, ಏತದ ಮರದಂತೆ. ಆದಕಾರಣ ಎಡ ಬಲ ಎರಡನ್ನೂ ಒಟ್ಟಿಗೆ ಒತ್ತಿ ಯಂತ್ರವನ್ನು ಗಲಿಬಿಲಿಗೊಳಿಸುವಂತಿಲ್ಲ. ಹೆಬ್ಬೆರಳು ನಡುವಿನಲ್ಲಿ ವಿಶ್ರಮಿಸುತ್ತದೆ, ಅತ್ತಿತ್ತ ತುಸು ಒರಗುತ್ತದೆ, ಅಷ್ಟೆ. ಕಣ್ಣಿಗೆ ಕೆಲಸವಿಲ್ಲ. ಒಂದು ಕಾಸಿನ ಪ್ಲಾಸ್ಟಿಕ್ಕಿನಲ್ಲಿ ಇಷ್ಟು ವಿವೇಕವನ್ನು ಅಡಗಿಸಿದ್ದನ್ನು ಕಂಡು ಮನಸ್ಸಿನಲ್ಲೇ ತಲೆಬಾಗಿದೆ.

ಅದರಾಚೆ ಕೆಂಪು ಬಿಳುಪಿನ ಫ್ಯಾಮಿಕಾಮ್. 1983ರ ಜುಲೈ 15ರಂದು 14,800 ಯೆನ್ನಿಗೆ ಬಂದ, ಮನೆಯ ದೂರದರ್ಶನಕ್ಕೆ ಜೋಡಿಸುವ ಯಂತ್ರ. ಇದರ ಶಿಲ್ಪಿ ಮಸಾಯುಕಿ ಉಎಮುರ, 2021ರಲ್ಲಿ ತೀರಿಕೊಂಡರು. ಅಧ್ಯಕ್ಷರ ಕಟ್ಟಪ್ಪಣೆ ಬೆಲೆ ಕಡಿಮೆಯಿರಬೇಕೆಂಬುದು. ಆ ಕಡು ಕೆಂಪು ಅಧ್ಯಕ್ಷರಿಗೆ ಪ್ರಿಯವಾದ ಕೊರಳವಸ್ತ್ರದ ಬಣ್ಣವೆಂದು ಉಎಮುರ ಮುಂದೆ ಹೇಳಿಕೊಂಡರು. ಉಳಿದುದೆಲ್ಲ ಜಿಪುಣತನ, ಆದರೆ ಎಂಥ ಸೊಗಸಾದ ಜಿಪುಣತನ! ಎರಡು ಕಂಟ್ರೋಲರ್‌ಗಳ ತಂತಿ ಯಂತ್ರದಿಂದ ಕಳಚಿಬಾರದಂತೆ ಒಳಗೇ ಬೆಸೆದಿದೆ. ಜೋಡಿಸುವ ಕೊಂಡಿಯ ಖರ್ಚು ಉಳಿಯಿತು. ಆಟ ಮುಗಿದ ಮೇಲೆ ಅವನ್ನು ಯಂತ್ರದ ಎರಡು ಪಕ್ಕೆಗಳ ಗೂಡಿನಲ್ಲಿ ನಿಲ್ಲಿಸಬಹುದು. ಜಪಾನಿನ ಮನೆಯಲ್ಲಿ ಮೇಜು ಕುರ್ಚಿಗಳ ಸಂತೆಯಿಲ್ಲವಷ್ಟೆ. ಮಕ್ಕಳು ಚಾಪೆಯ ಮೇಲೆ ಕುಳಿತು ಆಡಿ, ಊಟಕ್ಕೆ ಕರೆದರೆ ಎಲ್ಲವನ್ನೂ ನೆಲದ ಮೇಲೆಯೇ ಬಿಟ್ಟು ಓಡುತ್ತಾರೆ. ನೆಲದ ಮೇಲೆ ಕಡ್ಡಿಯ ಕಂಟ್ರೋಲರ್ ಇದ್ದರೆ ಯಾರಾದರೂ ತುಳಿಯುವುದು ಖಂಡಿತ, ಕಡ್ಡಿ ಮುರಿಯುವುದೂ ಖಂಡಿತ. ಉಎಮುರ ಅವರನ್ನು ಕಾಡಿದ್ದು ಈ ಚಿಂತೆ. ಪಕ್ಕದ ವಿಭಾಗದಲ್ಲೇ ಯೊಕೊಯಿಯ ಪ್ಲಸ್ ಗುಂಡಿಯಿತ್ತು. ತಂದು ಚಪ್ಪಟೆಯ ಹಲಗೆಯ ಮೇಲೆ ಕೂರಿಸಿದರು.

ಇದು ಎಷ್ಟು ಸರಿಯಾದ ಆಯ್ಕೆಯೆಂಬುದಕ್ಕೆ ಎದುರು ಪಕ್ಷದ ಸಾಕ್ಷ್ಯವೇ ಇದೆ. ಅದೇ ದಿನ, 1983ರ ಜುಲೈ 15ರಂದೇ, ಸೆಗಾ ಕಂಪನಿಯೂ ತನ್ನ ಎಸ್‌ಜಿ-1000 ಎಂಬ ಯಂತ್ರವನ್ನು ಹೊರತಂದಿತು. ಅದರ ಜೊತೆಗಿದ್ದದ್ದು ಕಡ್ಡಿ. ಮರುವರ್ಷ ಆ ಯಂತ್ರದ ಎರಡನೆಯ ರೂಪ ಬಂದಾಗ ಕಡ್ಡಿ ಮಾಯವಾಗಿ ಚಪ್ಪಟೆಯ ಹಲಗೆ ಬಂದಿತ್ತು. ಹಾಗೆಂದು ಉಎಮುರ ಅವರದು ಎಲ್ಲವೂ ಮೊದಲೇಟಿಗೆ ಸರಿಯಾಯಿತೆಂದಲ್ಲ. ಮೊದಲ ಯಂತ್ರಗಳಲ್ಲಿ ಗುಂಡಿಗಳು ರಬ್ಬರಿನವು, ಚೌಕ; ಮೂಲೆಯಲ್ಲಿ ಒತ್ತಿದರೆ ಒಳಕ್ಕೆ ಸಿಕ್ಕಿಕೊಳ್ಳುತ್ತಿದ್ದವು. ಬೇಗನೆ ಅವನ್ನು ತೆಗೆದು ದುಂಡನೆಯ ಪ್ಲಾಸ್ಟಿಕ್ ಗುಂಡಿಗಳನ್ನು ಹಾಕಿದರು.

ಎರಡನೆಯ ಆಟಗಾರನ ಹಲಗೆಯಲ್ಲಿ ಒಂದು ಪುಟ್ಟ ಧ್ವನಿಗ್ರಾಹಕವೂ ಇತ್ತು. ಮಾತಾಡಿದರೆ ದೂರದರ್ಶನದಿಂದ ನಿಮ್ಮ ದನಿಯೇ ಕೇಳಿಸುತ್ತಿತ್ತು. ಅದನ್ನು ಬಳಸಿಕೊಂಡ ಆಟಗಳು ಕೆಲವೇ. 1986ರ 'ಜೆಲ್ಡಾ' ಆಟದಲ್ಲಿ ದೊಡ್ಡ ಕಿವಿಗಳ ಒಂದು ಭೂತವಿದೆ; ಧ್ವನಿಗ್ರಾಹಕದಲ್ಲಿ ಕಿರುಚಿದರೆ ಸಾಯುತ್ತದೆ. ಅಮೆರಿಕೆಗೆ ಹೋದ ಯಂತ್ರದಲ್ಲಿ ಧ್ವನಿಗ್ರಾಹಕವನ್ನು ಕಿತ್ತುಹಾಕಿದರು. ಆದರೆ ಆ ಭೂತಕ್ಕೆ ಗದ್ದಲವಾಗದು ಎಂಬ ಮಾತು ಇಂಗ್ಲಿಷ್ ಕೈಪಿಡಿಯಲ್ಲಿ ಉಳಿದೇ ಹೋಯಿತು! ಅಲ್ಲಿನ ಮಕ್ಕಳು ಭೂತದ ಮುಂದೆ ವ್ಯರ್ಥವಾಗಿ ಕೊಳಲು ಊದಿದರು. ಗ್ರಂಥಸಂಪಾದನೆಯ ಪಾಠ ಹೇಳುವಾಗ ಮೂಲಪ್ರತಿಯ ಅಂಶವೊಂದು ಬಿದ್ದುಹೋಗಿ ಅದರ ಟೀಕೆ ಮಾತ್ರ ಉಳಿದ ಉದಾಹರಣೆಗಳಿಗಾಗಿ ನಾನು ಹಳಗನ್ನಡವನ್ನು ತಡಕಾಡುತ್ತಿದ್ದೆ. ಇನ್ನು ಮೇಲೆ ಇದೊಂದನ್ನು ಹೇಳಿದರೆ ಹುಡುಗರು ಮರೆಯಲಾರರು.

ಇಲ್ಲಿ ನನ್ನ ಸ್ವಂತದ ಎರಡು ಮಾತು. ನಾನು ಎಡಗೈಯವನು. ನಮ್ಮ ಕಡೆಯ ಮನೆಗಳಲ್ಲಿ ಅದೇನೆಂದು ಓದುಗರು ಬಲ್ಲರು. ತಟ್ಟೆಗೆ ಎಡಗೈ ಹೋದರೆ ಅಜ್ಜಿಯ ಏಟು, ಬಳಪಕ್ಕೆ ಹೋದರೆ ಮೇಷ್ಟರ ಏಟು. ಅಂತೂ ಬಲಗೈಯಲ್ಲಿ ಉಣ್ಣಲೂ ಬರೆಯಲೂ ಕಲಿತೆ. ಅಕ್ಷರ ಇಂದಿಗೂ ಕೋಳಿಯ ಕಾಲಿನಂತಿದೆ. ತೊಂಬತ್ತರ ದಶಕದ ಕೊನೆಗೆ ನಮ್ಮ ಊರಿಗೂ 'ಟೀವಿ ಗೇಮು' ಬಂತು. ಅದು ನಿಂಟೆಂಡೊ ಅಲ್ಲ. ಫ್ಯಾಮಿಕಾಮ್ ಯಂತ್ರವನ್ನು ನೋಡಿ ಯಾರೋ ನಕಲು ಮಾಡಿದ್ದು. ಭಾರತದ ಊರೂರಿನಲ್ಲಿ ಆಗ ಇದ್ದದ್ದು ಇಂಥ ನಕಲುಗಳೇ. ಒಂದೇ ಕ್ಯಾಸೆಟ್ಟಿನಲ್ಲಿ ಸಾವಿರಾರು ಆಟಗಳೆಂದು ಮುಚ್ಚಳದ ಮೇಲೆ ಅಚ್ಚಾಗಿರುತ್ತಿತ್ತು; ಒಳಗೆ ಇರುತ್ತಿದ್ದವು ಬೆರಳೆಣಿಕೆಯಷ್ಟು, ಅವೇ ಮತ್ತೆ ಮತ್ತೆ. ಕಂಟ್ರೋಲರ್ ಎಂಬ ಮಾತು ನಮಗೆ ತಿಳಿಯದು, 'ರಿಮೋಟು' ಎನ್ನುತ್ತಿದ್ದೆವು. ಗುಂಡಿ ಒತ್ತಿದರೆ ಮಾರಿಯೋ ಗುಂಡಿ ಹಾರುತ್ತಾನೆ ಎಂದು ನಮ್ಮ ಭಾಷೆಯಲ್ಲಿ ಮಾತ್ರ ಹೇಳಬಹುದೆಂದು ಆಗಲೇ ಹಿಗ್ಗಿದ್ದೆ. ಆ ಹಲಗೆಯನ್ನು ಹಿಡಿದಾಗ ದಿಕ್ಕು ತೋರಿಸುವ ಮುಖ್ಯ ಕೆಲಸ ಎಡ ಹೆಬ್ಬೆರಳಿನದು. ಓಣಿಯ ಉಳಿದ ಹುಡುಗರು ತಡವರಿಸುತ್ತಿದ್ದಲ್ಲಿ ನಾನು ಸರಾಗವಾಗಿ ಹಾಯುತ್ತಿದ್ದೆ. ಎಡಗೈ ಚುರುಕಾದುದಕ್ಕೆ ನಾನು ಶಹಬ್ಬಾಸ್ ಎನಿಸಿಕೊಂಡದ್ದು ಬದುಕಿನಲ್ಲಿ ಅದೇ ಮೊದಲು.

ಯಾರೋ ಎಡಗೈಯವರ ಮೇಲೆ ಕನಿಕರಪಟ್ಟು ಹಾಗೆ ಮಾಡಿದ್ದಲ್ಲ. ಅಮೆರಿಕೆಯ ಅಟಾರಿ ಕಂಪನಿಯ 1977ರ ಯಂತ್ರವನ್ನು ತೆಗೆದುಕೊಳ್ಳಿ. ಅದರ ಕಡ್ಡಿಯ ಪೀಠಕ್ಕೆ ಒಂದೇ ಗುಂಡಿ, ಅದೂ ಎಡ ಮೂಲೆಯಲ್ಲಿ. ಪೀಠವನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕಡ್ಡಿಯಾಡಿಸಬೇಕು, ಬೇರೆ ದಾರಿಯಿಲ್ಲ. ನನ್ನ ಪಾಲಿಗೆ ಆ ಯಂತ್ರ ಬಂದಿದ್ದರೆ ಅಲ್ಲಿಯೂ ಅಜ್ಜಿಯ ಕೈಯೇ ಕಾಣುತ್ತಿತ್ತೋ ಏನೋ. ಮಾಡಿದವನಿಗೆ ಗುಂಡಿಯೊಂದನ್ನು ಎಲ್ಲಾದರೂ ಇಡಬೇಕಾದ ಪ್ರಶ್ನೆ. ಹಿಡಿಯುವವನಿಗೆ ತಾನು ಒಳಗೋ ಹೊರಗೋ ಎಂಬ ಪ್ರಶ್ನೆ. ಆ ಗಾಜಿನ ಮುಂದೆ ನಿಂತಾಗ ನನಗೆ ನೆನಪಾದದ್ದು ಇದೇ ಕಂಪನಿ 1989ರಲ್ಲಿ ಅಮೆರಿಕೆಯಲ್ಲಿ ಮಾರಿದ ಒಂದು ವಿಚಿತ್ರ ಕಂಟ್ರೋಲರ್. ಕೈಕಾಲಿಗೆ ಸ್ವಾಧೀನವಿಲ್ಲದವರಿಗಾಗಿ ಮಾಡಿದ್ದು. ಎದೆಗೆ ಕಟ್ಟಿಕೊಳ್ಳಬೇಕು, ಗದ್ದದಿಂದ ಕಡ್ಡಿಯನ್ನು ಆಡಿಸಬೇಕು, ಒಂದು ಕೊಳವೆಯನ್ನು ಹೀರಿದರೆ ಒಂದು ಗುಂಡಿ ಒತ್ತಿದಂತೆ, ಊದಿದರೆ ಇನ್ನೊಂದು. ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ, ಕೇಳಿ ತರಿಸಿಕೊಳ್ಳಬೇಕಿತ್ತು. ಕೈಯೇ ಆಡದ ಮಗುವೂ ಮಾರಿಯೋನನ್ನು ಹಾರಿಸಲೆಂದು ಯಾರೋ ಒಬ್ಬರು ಕುಳಿತು ಯೋಚಿಸಿದ್ದರಲ್ಲ!

ಅಮೆರಿಕೆಯ ಮಾತು ಬಂದದ್ದರಿಂದ ಪಕ್ಕದ ಬೂದು ಪೆಟ್ಟಿಗೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಅದು ಫ್ಯಾಮಿಕಾಮ್ ಯಂತ್ರದ ವಿದೇಶೀ ವೇಷ, 1985ರದು. ಅದಕ್ಕೆ ಎರಡು ವರ್ಷ ಹಿಂದೆ ಅಮೆರಿಕೆಯಲ್ಲಿ ವಿಡಿಯೋ ಆಟಗಳ ವ್ಯಾಪಾರ ಮಕಾಡೆ ಬಿದ್ದಿತ್ತು. ಅಂಗಡಿಕಾರರು ಆ ಹೆಸರು ಕೇಳಿದರೆ ಬಾಗಿಲು ಹಾಕುತ್ತಿದ್ದರು. ಹೀಗಿರಲು, ಲ್ಯಾನ್ಸ್ ಬಾರ್ ಎಂಬ ವಿನ್ಯಾಸಕಾರರು ಅದನ್ನು ಆಟಿಕೆಯೆನಿಸದಂತೆ ರೂಪಿಸಿದರು. ಕ್ಯಾಸೆಟ್ಟನ್ನು ಮೇಲಿನಿಂದ ಚುಚ್ಚುವ ಬದಲು, ಚಲನಚಿತ್ರ ತೋರಿಸುವ ವೀಸಿಆರ್‌ನಂತೆ ಮುಂದಿನ ಬಾಗಿಲಿನಿಂದ ತಳ್ಳಿ ಕೆಳಕ್ಕೆ ಅದುಮಬೇಕು. ವೇಷ ಫಲಿಸಿತು, ಯಂತ್ರ ಗೆದ್ದಿತು. ಆದರೆ ಆ ಬಾಗಿಲಿನೊಳಗಿನ ಲೋಹದ ಹಲ್ಲುಗಳು ದಿನಕಳೆದಂತೆ ಸಡಿಲಾಗಿ, ಆಟ ಹತ್ತದೆ ಪರದೆ ಮಿಣುಕತೊಡಗಿತು. ಮಕ್ಕಳು ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಮತ್ತೆ ಹಾಕುವ ಮಂತ್ರವನ್ನು ಕಂಡುಕೊಂಡರು. ಹತ್ತುತ್ತಿದ್ದದ್ದು ಊದಿದ್ದರಿಂದಲ್ಲ, ತೆಗೆದು ಹಾಕಿದ್ದರಿಂದ. ಊದಿದ ಉಸಿರಿನ ತೇವ ಲೋಹಕ್ಕೆ ಕೇಡೇ. ನಮ್ಮ ನಕಲು ಯಂತ್ರದಲ್ಲಿ ಕ್ಯಾಸೆಟ್ಟು ಮೇಲಿನಿಂದಲೇ ಹೋಗುತ್ತಿದ್ದರೂ ನಾವೂ ಊದುತ್ತಿದ್ದೆವು. ಯಾರು ಹೇಳಿಕೊಟ್ಟರೋ! ಅಂಗಡಿಕಾರನ ಕಣ್ಣು ತಪ್ಪಿಸಲು ಮಾಡಿದ ವಿನ್ಯಾಸವನ್ನು ಮಕ್ಕಳ ಕೈ ಪರೀಕ್ಷೆ ಮಾಡಿತು. 1993ರ ಹೊಸ ರೂಪದಲ್ಲಿ ಕ್ಯಾಸೆಟ್ಟಿನ ಬಾಯಿ ಮತ್ತೆ ಮೇಲಕ್ಕೆ ಬಂತು.

ಕೊನೆಯದಾಗಿ ಗೇಮ್ ಬಾಯ್. 1989ರ ಏಪ್ರಿಲ್ 21ರಂದು ಬಂದ ಈ ಅಂಗೈ ಯಂತ್ರ ಯೊಕೊಯಿಯ ತಂಡದ್ದು. ಯೊಕೊಯಿಗೆ ಒಂದು ಸೂತ್ರವಿತ್ತು: ಒಣಗಿದ ತಂತ್ರವನ್ನು ಅಡ್ಡಹಾಯ್ದು ಯೋಚಿಸಬೇಕು. ಜಪಾನಿಯ 'ಕರೆತ' ಎಂಬ ಮಾತಿಗೆ ಇಂಗ್ಲಿಷಿನವರು ಬಾಡಿದ್ದು ಎಂದು ಅರ್ಥ ಹೇಳುತ್ತಾರೆ. ಕನ್ನಡಿಗರಿಗೆ ಅಷ್ಟು ಕಷ್ಟವಿಲ್ಲ. ಹಸಿಮರದಲ್ಲಿ ಯಾವ ಬಡಗಿಯೂ ಬಾಗಿಲು ಮಾಡುವುದಿಲ್ಲ. ಮಳೆ ಬಿಸಿಲು ಕಂಡು, ಬಿರುಕು ಬಿಡುವಷ್ಟು ಬಿಟ್ಟು, ಇನ್ನು ಅಲುಗಾಡುವುದಿಲ್ಲವೆಂಬ ಮರ ಬೇಕು. ಯೊಕೊಯಿ ಕೇಳಿದ್ದು ಅಂಥ ತಂತ್ರ. ಆ ಹೊತ್ತಿಗೆ ಬಣ್ಣದ ಪರದೆ ಸಾಧ್ಯವಿತ್ತು. ಅಟಾರಿಯವರ ಲಿಂಕ್ಸ್ ಅದೇ ವರ್ಷ, ಸೆಗಾದವರ ಗೇಮ್ ಗೇರ್ ಮರುವರ್ಷ, ಬಣ್ಣ ಬೆಳಕುಗಳೊಡನೆ ಬಂದವು. ಅವು ತಲಾ ಆರು ಬ್ಯಾಟರಿಗಳನ್ನು ನುಂಗಿ ಐದು ಗಂಟೆ ಬಾಳಿದರೆ ಹೆಚ್ಚು. ಯೊಕೊಯಿಯ ಯಂತ್ರಕ್ಕೆ ಬಣ್ಣವಿಲ್ಲ, ಒಳಬೆಳಕಿಲ್ಲ. ಬಟಾಣಿ ಹಸಿರಿನ ಮೇಲೆ ಮಸಿಯ ಛಾಯೆ. ದೀಪ ಮಂಕಾದರೆ ಏನೂ ಕಾಣದು. ಆದರೆ ನಾಲ್ಕೇ ಬ್ಯಾಟರಿಯಲ್ಲಿ ಹತ್ತು ಗಂಟೆಗೂ ಮಿಕ್ಕಿ ಆಡಬಹುದು, ಅಂಗಿಯ ದೊಡ್ಡ ಜೇಬಿನಲ್ಲಿ ಇಡಬಹುದು. ತಿಂಗಳ ಕೊನೆಯಲ್ಲಿ ಬ್ಯಾಟರಿಗೆ ದುಡ್ಡು ಕೇಳಿದ ಮಗನನ್ನು ತಂದೆ ಹೇಗೆ ನೋಡುತ್ತಾನೆಂಬುದು ಯೊಕೊಯಿಗೆ ಗೊತ್ತಿತ್ತೆಂದು ನನ್ನ ಊಹೆ. ಮುಂದೆ ಬಂದ ಬಣ್ಣದ ರೂಪವನ್ನೂ ಸೇರಿಸಿ ಈ ಯಂತ್ರಗಳು ಮಾರಾಟವಾದದ್ದು 11 ಕೋಟಿ 86 ಲಕ್ಷಕ್ಕೂ ಹೆಚ್ಚು.

ಅದೇ ಯೊಕೊಯಿ 1995ರಲ್ಲಿ ವರ್ಚುವಲ್ ಬಾಯ್ ಎಂಬ, ಕಣ್ಣಿಟ್ಟು ಇಣುಕಿ ನೋಡುವ ಕೆಂಪು ಬೆಳಕಿನ ಯಂತ್ರವನ್ನು ಮಾಡಿ ಸೋತ. ಮರುವರ್ಷ ಕಂಪನಿಯನ್ನು ಬಿಟ್ಟು, ಸ್ವಂತ ಸಂಸ್ಥೆ ಕಟ್ಟಿ, 1997ರ ಅಕ್ಟೋಬರ್ 4ರಂದು ಹೆದ್ದಾರಿಯ ಅಪಘಾತವೊಂದರಲ್ಲಿ ಮಡಿದ. ಆಗ ಅವನಿಗೆ ವಯಸ್ಸು 56. ಅವನು ಕೈಹಾಕಿದ್ದ ವಂಡರ್‌ಸ್ವಾನ್ ಎಂಬ ಅಂಗೈ ಯಂತ್ರ 1999ರಲ್ಲಿ ಬೇರೊಂದು ಕಂಪನಿಯಿಂದ ಹೊರಬಂತು.

1996ರ ಯಂತ್ರದ ಮೂರು ಕೊಂಬಿನ ಕಂಟ್ರೋಲರನ್ನು ಹುಡುಗ ಬೆರಳಿಟ್ಟು ತೋರಿಸಿದ. ಮನುಷ್ಯನಿಗೆ ಕೈ ಎರಡೇ ಅಲ್ಲವೆ ಎಂದು ಅವನ ಪ್ರಶ್ನೆ. ಸರಿಯಾದ ಪ್ರಶ್ನೆಯೇ. ಆಟಕ್ಕೆ ತಕ್ಕಂತೆ ಯಾವುದಾದರೂ ಎರಡನ್ನು ಹಿಡಿಯಬೇಕಂತೆ. ನಡುಗೊಂಬಿನ ಕಡ್ಡಿ ಬಹು ಸೂಕ್ಷ್ಮ. ತುಸು ವಾಲಿಸಿದರೆ ನಾಯಕ ಮೆಲ್ಲಗೆ ನಡೆಯುತ್ತಾನೆ, ಪೂರ್ತಿ ವಾಲಿಸಿದರೆ ಓಡುತ್ತಾನೆ. ಆದರೆ ಅದನ್ನು ಗರಗರನೆ ತಿರುಗಿಸಬೇಕಾದ ಒಂದು ಆಟದಲ್ಲಿ ಮಕ್ಕಳು ಅಂಗೈಯಿಂದ ಉಜ್ಜಿ ಉಜ್ಜಿ ಚರ್ಮ ಕಿತ್ತುಕೊಂಡರು. 2000ರಲ್ಲಿ ಕಂಪನಿ ಅಮೆರಿಕೆಯ ಮಕ್ಕಳಿಗೆ ಕೈಗವಸು ಹಂಚಲು ಒಪ್ಪಬೇಕಾಯಿತು. ಮೂವತ್ತು ವರ್ಷ ಕೈಯನ್ನು ಬಲ್ಲವರೆನಿಸಿಕೊಂಡವರಿಗೂ ಕೈ ಹೀಗೆ ಆಗಾಗ ಪಾಠ ಹೇಳಿದೆ.

ಕೆಳಗಿನ ಅಂತಸ್ತಿನಲ್ಲಿ ಆಟಗಳು. ಪ್ರವೇಶಪತ್ರದೊಡನೆ ಪ್ರತಿಯೊಬ್ಬರಿಗೂ ಲೆಕ್ಕದಲ್ಲಿ ಮಾತ್ರ ಇರುವ ಹತ್ತು ನಾಣ್ಯ. ಅದಕ್ಕಿಂತ ಹೆಚ್ಚು ಕೊಳ್ಳುವಂತಿಲ್ಲ. ಅಲ್ಲಿ ಹಳೆಯ ಕಂಟ್ರೋಲರ್‌ಗಳನ್ನು ಆಳೆತ್ತರಕ್ಕೆ ಹಿಗ್ಗಿಸಿ ಇಟ್ಟಿದ್ದಾರೆ. ಒಬ್ಬನಿಂದ ಆಗುವುದಿಲ್ಲ, ಇಬ್ಬರು ಕೂಡಿ ಆಡಬೇಕು. ಹೆಬ್ಬೆರಳಿನ ಕೆಲಸವನ್ನು ಇಡೀ ಮೈ ಮಾಡಬೇಕು. ಹುಡುಗ ಬಲಗಡೆ ನೆಗೆಯುವ ಗುಂಡಿಯ ಮೇಲೆ ಎರಡೂ ಅಂಗೈ ಊರಿ ನಿಂತ. ನಾನು ಎಡಗಡೆಯ ಪ್ಲಸ್ ಗುರುತಿನ ಬಳಿಗೆ ಹೋದೆ. ನಾನು ಬಲಕ್ಕೆ ಒರಗಿದಾಗ ಮಾರಿಯೋ ಓಡಿದ. ಹುಡುಗ ಒತ್ತುವಷ್ಟರಲ್ಲಿ ಹಳ್ಳ ಬಂದಿತ್ತು. ಎರಡನೆಯ ಸಲ ಅವನು ಸರಿಯಾಗಿ ಒತ್ತಿದ, ನಾನು ಒರಗುವುದನ್ನು ಬಿಟ್ಟಿದ್ದೆ. ಮೂರನೆಯ ಸಲ "ಮಾವ, ಈಗ!" ಎಂದು ಅವನೇ ಕೂಗಿದ. ಮಾರಿಯೋ ಹಳ್ಳ ದಾಟಿದ, ಮುಂದಿನ ಆಮೆಗೆ ಡಿಕ್ಕಿ ಹೊಡೆದು ಸತ್ತ. ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ ಮುದುಕರಿಬ್ಬರು ಚಪ್ಪಾಳೆ ತಟ್ಟಿದರು. ಆ ವೇಳೆಗೆ ನಾಣ್ಯಗಳೆಲ್ಲ ತೀರಿದ್ದವು. ಹೊರಗೆ ಬಂದು, ಹೊತ್ತು ಮುಳುಗುವ ಮೊದಲು ನದೀತೀರದ ಬ್ಯೋದೋ-ಇನ್ ದೇಗುಲವನ್ನಾದರೂ ಹೊರಗಿನಿಂದ ನೋಡೋಣವೆಂದು ನಿಲ್ದಾಣದ ದಾರಿ ಹಿಡಿದೆವು.